ಕೂತರೆ ಒಪ್ಪಿದಂತೆ

ಹೊಸ ಸೂಪರ್‌ವೈಸರ್‌ಗಳಿಗೆ ತರಬೇತಿ ಶುರು ಮಾಡಿ ಎಂದು ವಿಶಾಖಪಟ್ಟಣದ ನಮ್ಮ ಕಚೇರಿಯಲ್ಲಿ ಹೇಳಿದಾಗ ನಾನು ಮೊದಲು ಕೇಳಿದ್ದು, ಏನು ಕಲಿಸಬೇಕು ಎಂದು. ಅದನ್ನು ನೀವೇ ಯೋಚಿಸಿ ಎಂದರು. ಎಲ್ಲಿ ಎಂದು ಕೇಳಿದೆ. ವಿಜಯವಾಡದಲ್ಲಿ ಎಂದರು. ಕಲಿಯುವವರೆಲ್ಲ ವಿಶಾಖಪಟ್ಟಣದವರು, ಕಲಿಸುವ ನಾನೂ ಇಲ್ಲೇ ಇರುವವಳು, ವಿಜಯವಾಡ ಯಾಕೆ ಎಂದರೆ, ಬಡ್ತಿಯಾದ ಮೇಲೆ ಅವರು ಹೋಗಬೇಕಾದದ್ದು ಅಲ್ಲಿಗೇ, ಜಾಗ ನೋಡಿಕೊಂಡ ಹಾಗೂ ಆಗುತ್ತದೆ ಎಂದರು. ಕೇಂದ್ರ ಸರ್ಕಾರದ ಇಲಾಖೆಯಲ್ಲಿ ಇಷ್ಟು ವರ್ಷ ಸವೆಸಿದ್ದರೂ ಇಂಥ ಉತ್ತರ ಜಾಣತನವೋ ಪೆದ್ದತನವೋ ನನಗೆ ತಕ್ಷಣ ತಿಳಿಯುವುದಿಲ್ಲ.

ನಮ್ಮಲ್ಲಿ ಬಡ್ತಿ ಎಂದರೆ ವರ್ಗಾವಣೆ. ಗುಮಾಸ್ತರಾಗಿರುವವರೆಗೆ ಯಾರೂ ಊರು ಬಿಡಿಸುವುದಿಲ್ಲ. ಸೂಪರ್‌ವೈಸರ್ ಆದರೆ ಗಂಟುಮೂಟೆ ಕಟ್ಟಬೇಕು. ಹಾಗಾಗಿ ಆದೇಶ ಬಂದ ದಿನ ಎಲ್ಲರಿಗೂ ಸಿಹಿ ಹಂಚುತ್ತಾರೆ, ಆಮೇಲೆ ತಣ್ಣಗೆ ಹೋಗಿ ‘ನನಗೆ ಬೇಡ’ ಎಂದು ಬರೆದುಕೊಟ್ಟು ಬರುತ್ತಾರೆ. ಅದರಲ್ಲಿ ನಾಚಿಕೆಯೇನೂ ಇಲ್ಲ. ಬಡ್ತಿ ಒಪ್ಪಿಕೊಂಡು, ಗಂಡನನ್ನೂ ಮಗನನ್ನೂ ದಾವಣಗೆರೆಯಲ್ಲಿ ಬಿಟ್ಟು ಇಲ್ಲಿಗೆ ಬಂದ ನನ್ನನ್ನೇ ಎಲ್ಲರೂ ವಿಚಿತ್ರವಾಗಿ ನೋಡಿದ್ದರು.

ತರಬೇತಿಯ ಹಿಂದಿನ ದಿನ ರೈಲು ಹತ್ತಿದೆ. ಮುಂದಿನ ಸ್ಟೇಷನ್ ದುವ್ವಾಡದಲ್ಲಿ ಒಬ್ಬ ಹೆಂಗಸು ಹತ್ತಿ, ಬೋಗಿಯನ್ನೆಲ್ಲ ಹುಡುಕಿಕೊಂಡು ಬಂದು ನನ್ನೆದುರು ಕೂತಳು. ನಮ್ಮದೇ ಇಲಾಖೆಯ ಇನ್ನೊಂದು ಶಾಖೆಯವಳು. ಬಡ್ತಿ ಬಂದವರಲ್ಲಿ ಒಬ್ಬಳು. ಮನೆ ಪೆಂಡುರ್ತಿಯಲ್ಲಿ.

“ಅಕ್ಕಾ, ನೀವು ಕನ್ನಡದೋರು ಅಂತ ಆಫೀಸಿನಾಗ ಹೇಳಿದ್ರು ರೀ. ನಮ್ಮಪ್ಪನೂ ಬಳ್ಳಾರಿ ಕಡೆಯೋರೇ. ನಾ ಇಲ್ಲೇ ಹುಟ್ಟಿದಾಕಿ. ನಂದು ಮನ್ಯಾಗಿನ ಕನ್ನಡ, ನಗಬ್ಯಾಡ್ರಿ,” ಎಂದಳು.

ನಾನು ನಗಲಿಲ್ಲ. ‘ಮೇಡಂ’ ಎಂಬುದನ್ನೇ ಕೇಳಿ ಕೇಳಿ ಬೇಸತ್ತಿದ್ದ ಕಿವಿಗೆ ಆ ‘ಅಕ್ಕಾ’ ಹಿತವಾಗಿತ್ತು.

ಅನಕಾಪಲ್ಲಿ ದಾಟುವ ಹೊತ್ತಿಗೆ ಆಕೆಯ ಕಷ್ಟವೆಲ್ಲ ಹೊರಗೆ ಬಂತು. ಬೇಡ ಎನ್ನುವವರು ತಿಳಿಸಲು ಮರುದಿನವೇ ಕಡೆಯ ದಿನ. ಗಂಡ ದುವ್ವಾಡದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು. ಸ್ಕೂಲಿಗೆ ಹೋಗುವ ಮಗಳಿದ್ದಾಳೆ. “ನಾಳೆ ಸಂಜಿ ಒಳಗ ಬ್ಯಾಡ ಅಂತ ಹೇಳಿ ಬಾ ಅಂದಾರ ನಮ್ಮನಿಯೋರು. ನಾನೂ ಹೂಂ ಅಂದೀನಿ. ಆದ್ರ ಬ್ಯಾಡ ಅನ್ನೋಕಿಂತ ಮೊದ್ಲು ಅದು ಏನಂತ ಒಂದ್ಸಲ ನೋಡಬೇಕು ಕದಾ, ಹೌದಿಲ್ರಿ ಅಕ್ಕಾ?”

“ನಿಮಗೆ ಬೇಕಾ, ಬೇಡವಾ? ಅದನ್ನ ಹೇಳಿ,” ಎಂದೆ.

“ಬೇಕ್ರಿ. ಭಾಳ ಬೇಕು. ಇಷ್ಟು ವರ್ಷ ಬ್ಯಾರೆಯೋರು ಸಹಿ ಹಾಕೋದನ್ನ ಪಕ್ಕದಾಗ ನಿಂತು ನೋಡೀನಿ.”

ಕಡಲೆಕಾಯಿ ಕೊಂಡು ಇಬ್ಬರೂ ತಿಂದೆವು.

ಮರುದಿನ ಬೆಳಿಗ್ಗೆ ವಿಜಯವಾಡದ ಗವರ್ನರ್‌ಪೇಟೆಯ ಕಚೇರಿಯ ಮಹಡಿ ಹತ್ತಿದಾಗ ಹಾಲ್ ಸಿದ್ಧವಾಗಿತ್ತು. ಬ್ಯಾನರ್ ಕಟ್ಟಿದ್ದರು, ದೀಪಕ್ಕೆ ಎಣ್ಣೆ ಹಾಕಿದ್ದರು, ಕುರ್ಚಿಗಳಿಗೆ ಬಿಳಿ ಗವಸು ತೊಡಿಸಿದ್ದರು. ಒಳಗೆ ನರಪಿಳ್ಳೆ ಇಲ್ಲ. ಶಿಬಿರಾರ್ಥಿಗಳೆಲ್ಲ ಹೊರಗೆ ಕಾರಿಡಾರಿನಲ್ಲಿ ನಿಂತು, ಇಡ್ಲಿ ಮುಗಿಸಿ, ಬೆವರು ಒರೆಸಿಕೊಳ್ಳುತ್ತಿದ್ದರು. ಒಳಗೆ ಬನ್ನಿ ಎಂದೆ. ಪರವಾಗಿಲ್ಲ ಮೇಡಂ ಎಂದರು. ಮತ್ತೆ ಕರೆದೆ. ಎಲ್ಲರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದರು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಏನಿದು ಹುಡುಗಾಟ ಎಂದು ರೇಗಿದೆ. ಕೊನೆಗೆ ಅವರಲ್ಲಿ ಹಿರಿಯರಾಗಿದ್ದ ಒಬ್ಬರು ತೆಲುಗಿನಲ್ಲಿ ವಿಷಯ ಬಿಚ್ಚಿದರು. ಹಾಲ್‌ನಲ್ಲಿ ಕೂತರೆ ಬಡ್ತಿ ಒಪ್ಪಿಕೊಂಡಂತೆ ಲೆಕ್ಕವಂತೆ. ಕೂತವರನ್ನು ವಿಶಾಖಪಟ್ಟಣಕ್ಕೆ ವಾಪಸು ಕಳಿಸುವುದಿಲ್ಲವಂತೆ. ಯಾರು ಹೇಳಿದ್ದು ಎಂದು ಕೇಳಿದೆ. ಎಲ್ಲರೂ ಹೇಳುತ್ತಿದ್ದಾರೆ ಎಂದರು.

ವಿಶಾಖಪಟ್ಟಣದ ಆಡಳಿತ ಶಾಖೆಗೆ ಫೋನ್ ಮಾಡಿದೆ. ಅಂಥ ನಿಯಮ ತಾನು ಕಂಡಿಲ್ಲ ಎಂದರು ಅಲ್ಲಿಯ ಅಧಿಕಾರಿ. ಹಾಗಾದರೆ ಇಲ್ಲವೆಂದು ಒಂದು ಸಾಲು ಕಳಿಸಿ ಎಂದೆ. ಇಲ್ಲದ ನಿಯಮವನ್ನು ಇಲ್ಲವೆಂದು ಯಾವ ನಿಯಮದ ಅಡಿ ಬರೆಯಲಿ ಎಂದು ಅವರು ನನ್ನನ್ನೇ ಕೇಳಿದರು. ಫೋನ್ ಇಟ್ಟ ಮೇಲೆ, ಅಂಥ ನಿಯಮ ನಿಜಕ್ಕೂ ಇರಬಹುದೇನೋ ಎಂದು ನನಗೇ ಅನುಮಾನ ಹತ್ತಿತು.

ಅಷ್ಟರಲ್ಲಿ ಉದ್ಘಾಟನೆಗೆ ನಿರ್ದೇಶಕರು ಬಂದರು. ಇವರೆಲ್ಲ ಯಾಕೆ ಹೊರಗಿದ್ದಾರೆ ಎಂದು ಕೇಳಿದರು. ನಿಮ್ಮನ್ನು ಸ್ವಾಗತಿಸಲು ಎಂದುಬಿಟ್ಟೆ. ಅವರಿಗೆ ಖುಷಿಯಾಯಿತು. ಎಲ್ಲರಿಗೂ ಕೈ ಮುಗಿಯುತ್ತ ಒಳಗೆ ಹೋಗಿ ವೇದಿಕೆಯ ಮೇಲೆ ಕೂತರು. ಹಿಂದೆ ಯಾರೂ ಬರಲಿಲ್ಲ. ಒಂದಿಷ್ಟು ಹೊತ್ತು ಖಾಲಿ ಕುರ್ಚಿಗಳನ್ನು ನೋಡಿದರು, ನೀರು ಕುಡಿದರು, ಎದ್ದು ಹೊರಗೆ ಬಂದರು. ಹೊರಗೇ ಮಾಡೋಣ ಸಾರ್, ಗಾಳಿ ಚೆನ್ನಾಗಿದೆ ಎಂದೆ. ವಿಜಯವಾಡದ ಆ ಬಿಸಿಲಿನಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅವರು ನನ್ನ ಮುಖ ನೋಡಿದರು. ದೀಪವನ್ನು ಕಾರಿಡಾರಿಗೆ ಹೊತ್ತು ತಂದೆವು, ಹಚ್ಚಿದರು, ಚಪ್ಪಾಳೆ ತಟ್ಟಿದೆವು, ಅವರು ಹೊರಟುಹೋದರು.

ಮೊದಲ ಪಾಠವನ್ನು ಅಲ್ಲೇ ನಿಂತು ಮಾಡಿದೆ. ಕೈಕೆಳಗಿನವರು ಏನಾದರೂ ಕೇಳಿದರೆ ‘ನೋಡೋಣ’ ಎಂದು ಹೇಳಿ ಸಾಗಹಾಕಬೇಡಿ, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ನೇರವಾಗಿ ಹೇಳಿ ಎಂದೆ. ತಕ್ಷಣ ಒಬ್ಬ ಕೈ ಎತ್ತಿದ. ಹಾಗಾದರೆ ನೇರವಾಗಿ ಹೇಳಿ ಮೇಡಂ, ಕೂತರೆ ಒಪ್ಪಿದಂತೆಯೋ ಅಲ್ಲವೋ? ಅಲ್ಲ ಎಂದೆ. ಬರೆದುಕೊಡುತ್ತೀರಾ? ನೋಡೋಣ ಎಂದೆ. ಕಾರಿಡಾರಿಗೆ ಕಾರಿಡಾರೇ ನಕ್ಕಿತು. ಇನ್ನೊಬ್ಬ ಹೊಸ್ತಿಲ ಒಳಗೆ ಒಂದು ಕಾಲು, ಹೊರಗೆ ಒಂದು ಕಾಲು ಇಟ್ಟುಕೊಂಡು, ಇದು ಅರ್ಧ ಬಡ್ತಿಯೇ ಎಂದು ಕೇಳಿದ. ನಾನೂ ನಕ್ಕೆ. ಪೆಂಡುರ್ತಿಯ ಹೆಂಗಸು ಮಾತ್ರ ನಗಲಿಲ್ಲ. ಗೋಡೆಗೆ ಒರಗಿ ನಿಂತು ಹಾಲ್ ಒಳಗೇ ನೋಡುತ್ತಿದ್ದಳು.

ಮಧ್ಯಾಹ್ನ ಪುಳಿಯೋಗರೆಯ ಪೊಟ್ಟಣ ಹಂಚಿದರು. ಆಕೆ ತನ್ನದನ್ನು ತೆಗೆದುಕೊಂಡು, ಹೊಸ್ತಿಲು ದಾಟಿ, ಮೊದಲ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂತು ತಿನ್ನತೊಡಗಿದಳು. ಹೊರಗಿನವರು ತಿನ್ನುವುದನ್ನು ಬಿಟ್ಟು ಬಾಗಿಲಿಗೆ ಮುತ್ತಿಕೊಂಡರು. ಅಯ್ಯೋ, ಕೂತೇಬಿಟ್ಟಳು ಎಂದು ಯಾರೋ ಅಂದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

“ಏನ್ರೀ, ಇದು ಬರೀ ಊಟವಾ, ತೀರ್ಮಾನವಾ?”

“ಕಾಲು ನೋಯ್ತಾವ್ರಿ ಅಕ್ಕಾ,” ಎಂದಳು. ನನ್ನ ಕಡೆ ನೋಡಲಿಲ್ಲ.

ಆಕೆಯ ತಲೆಯ ಮೇಲೆ ಚಾವಣಿ ಬೀಳಲಿಲ್ಲ ಎಂಬುದನ್ನು ಖಚಿತ ಮಾಡಿಕೊಂಡು, ಸೆಕೆ ತಾಳಲಾರದೆ ಉಳಿದವರೂ ಒಬ್ಬೊಬ್ಬರಾಗಿ ಒಳಗೆ ಬಂದರು. ಬಂದವರಲ್ಲಿ ಹೆಚ್ಚಿನವರು ಸಂಜೆಗೆ ಮುಂಚೆ ‘ಬೇಡ’ ಎಂದು ಬರೆದು ನನ್ನ ಕೈಗೇ ಕೊಟ್ಟರು. ನಾನು ಯಾರಿಗೆ ಪಾಠ ಮಾಡುತ್ತಿದ್ದೇನೆ ಎಂಬುದು ನನಗೆ ಅರ್ಥವಾಗದಿದ್ದರೂ ಮಾಡುತ್ತ ಹೋದೆ. ಪೆಂಡುರ್ತಿಯವಳು ಮಾತ್ರ ಏನನ್ನೂ ಕೊಡಲಿಲ್ಲ.

ಸಂಜೆ ಇಬ್ಬರೂ ಹೋಟೆಲಿನ ಕಡೆ ನಡೆಯುತ್ತಿದ್ದೆವು. ಸಗಟು ಅಂಗಡಿಗಳ ಮುಂದೆ ಮೂಟೆ ಇಳಿಸುತ್ತಿದ್ದರು, ಆಟೋಗಳು ಮೈಮೇಲೇ ಬರುತ್ತಿದ್ದವು. ಆಕೆಯ ಫೋನ್ ಹೊಡೆದುಕೊಂಡಿತು, ಗಂಡನದು. ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಬಳಿ ನಿಂತು ತೆಲುಗಿನಲ್ಲಿ ಮಾತಾಡಿದಳು. ನನಗೂ ಅರ್ಥವಾಗಲೆಂದೇ ನಿಧಾನವಾಗಿ ಮಾತಾಡಿದಳೋ ಏನೋ. ಕಾಲು ನೋವೆಂದು ಹಾಲ್‌ನಲ್ಲಿ ಕೂತುಬಿಟ್ಟೆ, ಇಲ್ಲಿ ಕೂತರೆ ಒಪ್ಪಿಕೊಂಡಂತೆ, ರೂಲ್ ಹಾಗಿದೆ, ಈಗ ಏನೂ ಮಾಡುವಂತಿಲ್ಲ ಎಂದಳು. ಆಮೇಲೆ, ನಂಬದಿದ್ದರೆ ಮೇಡಂ ಪಕ್ಕದಲ್ಲೇ ಇದ್ದಾರೆ, ಕೇಳಿ ಎಂದು ಫೋನ್ ನನ್ನ ಕೈಗೆ ತುರುಕಿದಳು.

“ನಿಜಮೇನಾ ಮೇಡಂಗಾರೂ?” ಎಂದಿತು ಆ ಕಡೆಯ ಗಂಡಸಿನ ದನಿ. ಒರಟಾಗಿರುತ್ತದೆ ಎಂದುಕೊಂಡಿದ್ದೆ. ತುಂಬ ಮೃದುವಾಗಿತ್ತು.

ಅದು ಸುಳ್ಳು ಎಂದು ಇಡೀ ದಿನ ಗಂಟಲು ಹರಿಯುವಂತೆ ಕೂಗಿದವಳು ನಾನು. ಆಕೆ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು. ನಾನು ಹೌದು ಎನ್ನಲಿ ಎಂದು ಫೋನ್ ಕೊಟ್ಟಳೋ, ಅಲ್ಲ ಎಂದುಬಿಡಲಿ, ತನ್ನ ತಲೆಭಾರ ಇಳಿಯಲಿ ಎಂದು ಕೊಟ್ಟಳೋ, ಅವಳ ಬೆನ್ನು ನೋಡಿ ಹೇಗೆ ಹೇಳಲಿ? ಭಾಳ ಬೇಕು ಎಂದಿದ್ದಳಲ್ಲ, ಅದನ್ನೇ ಹಿಡಿದುಕೊಂಡೆ.

“ಅವುನಂಡಿ,” ಎಂದು ಹೌದೆಂದುಬಿಟ್ಟೆ.

ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವನು, ಮಗಳಿಗೆ ಜಡೆ ಹಾಕಲು ನನಗೆ ಬರುವುದಿಲ್ಲ ಮೇಡಂ ಎಂದ. ಫೋನನ್ನು ಆಕೆಗೆ ವಾಪಸು ಕೊಟ್ಟೆ.

ಅವನು ಅದೇ ಮಾತನ್ನು ಅವಳಿಗೂ ಹೇಳಿರಬೇಕು. ಅವಳ ಕಣ್ಣು ತುಂಬಿ ಹರಿಯಿತು. ಮೂಗು ಒರೆಸಿಕೊಂಡು, ಮೊದಲು ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕನ್ನು ತುದಿಯಿಂದ ಬಿಡಿಸಿ, ಮೇಲಿನಿಂದ ಎಳೆದರೆ ಅಳುತ್ತಾಳೆ ಎಂದು ಹೇಳಿಕೊಡತೊಡಗಿದಳು. ಕೂದಲನ್ನು ಮೂರು ಪಾಲು ಮಾಡುವುದನ್ನು, ಅವನಿಗೆ ಕಾಣದಿದ್ದರೂ, ಗಾಳಿಯಲ್ಲಿ ಬೆರಳಾಡಿಸಿ ತೋರಿಸುತ್ತಿದ್ದಳು. ಅಂಗಡಿಯವನು ಪಕ್ಕಕ್ಕೆ ನಿಲ್ಲಿ ಎಂದ. ನಾನು ಆಕೆಯ ಬ್ಯಾಗ್ ಹಿಡಿದುಕೊಂಡು ಪಕ್ಕಕ್ಕೆ ನಿಂತೆ.