ಹಾಲಿನ ಕ್ಯಾನಿನಲ್ಲಿ ಬಂದ ಹಾವು

2024ರಲ್ಲಿ ನಾನು ಸರ್ಕಾರಿ ಪಶುವೈದ್ಯ ಸೇವೆಯಿಂದ ನಿವೃತ್ತಳಾಗಿ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಕೋಣೆಯ ಕ್ಲಿನಿಕ್ ಇಟ್ಟುಕೊಂಡಿದ್ದೆ. ಮೂವತ್ತೆರಡು ವರ್ಷ ಹಸು, ಎಮ್ಮೆ, ಕುರಿಗಳ ನಡುವೆ ಕಳೆದವಳು ನಾನು. ಪೇಟೆಯಲ್ಲಿ ನಾಯಿ, ಬೆಕ್ಕು, ಅಪರೂಪಕ್ಕೊಂದು ಮೊಲ ಬರುತ್ತಿದ್ದವು. ಹಾವೆಂದರೆ ನನಗೆ ಭಯ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮರುವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ಕ್ಯಾಸಂಬಳ್ಳಿ ಕಡೆಯ ಮುನಿರತ್ನಮ್ಮ ಸ್ಟೀಲಿನ ಹಾಲಿನ ಕ್ಯಾನು ಹಿಡಿದುಕೊಂಡು ಬಂದರು. ಅವರ ಸೀಮೆಹಸುಗಳನ್ನು ನಾನು ಸೇವೆಯಲ್ಲಿದ್ದಾಗಿನಿಂದ ನೋಡುತ್ತಿದ್ದವಳು. ಹಾಲು ಕೆಟ್ಟಿರಬೇಕು, ತೋರಿಸಲು ತಂದಿದ್ದಾರೆ ಎಂದುಕೊಂಡೆ. ಕ್ಯಾನಿನ ಬಾಯಿಗೆ ಮುಚ್ಚಳದ ಬದಲು ತೆಳುಬಟ್ಟೆ ಕಟ್ಟಿತ್ತು. ಬಿಚ್ಚಿ ಬಗ್ಗಿ ನೋಡಿದರೆ ಒಳಗೆ ಕಿತ್ತಳೆ ಬಣ್ಣದ ಹಾವು ಸುರುಳಿ ಸುತ್ತಿಕೊಂಡಿತ್ತು. ನಾನು ಕುರ್ಚಿಯ ಹಿಂದಕ್ಕೆ ಹೇಗೆ ಹೋದೆನೋ ನನಗೇ ಗೊತ್ತಿಲ್ಲ. ಏನೂ ಮಾಡಲ್ಲ, ಬಲು ಸಾಧು ಎಂದು ಅವರೇ ನನಗೆ ಧೈರ್ಯ ಹೇಳಬೇಕಾಯಿತು.

ಹಾವು ಅವರ ಮಗಳು ಸುನಂದಳದು. ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಆ ಹುಡುಗಿಗೆ, ಊರು ಬಿಟ್ಟು ಹೊರಟ ಸಹೋದ್ಯೋಗಿಯೊಬ್ಬಳು ಒಂದು ವರ್ಷದ ಹಿಂದೆ ಅದನ್ನು ಒಪ್ಪಿಸಿದ್ದಳು. ಕಾರ್ನ್ ಸ್ನೇಕ್ ಎಂಬ ಈ ಜಾತಿ ಅಮೆರಿಕ ಕಡೆಯದು, ವಿಷವಿಲ್ಲ. ನಮ್ಮ ನೆಲದ ಹಾವುಗಳನ್ನು ಸಾಕುವಂತಿಲ್ಲ. ಇಂಥ ಹೊರದೇಶದ್ದನ್ನು ನೋಂದಣಿ ಮಾಡಿಸಿ ಸಾಕಬಹುದು. ನೋಂದಣಿಯ ಕಾಗದವನ್ನೂ ಮುನಿರತ್ನಮ್ಮ ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರು.

ಆದದ್ದು ಇಷ್ಟು. ನೀರಿನ ಬಟ್ಟಲು ಇಡುವಾಗ ಗಾಜಿನ ಪೆಟ್ಟಿಗೆಯ ಜಾರುಬಾಗಿಲನ್ನು ಅವರು ಜೋರಾಗಿ ಎಳೆದುಬಿಟ್ಟಿದ್ದರು. ಹಾವಿನ ನಡು ಸಿಕ್ಕಿಕೊಂಡು ಚರ್ಮ ಹರಿಯಿತು. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವ ಮಗಳಿಗೆ ಹೇಳಲು ಹೆದರಿ, ನಾಗರಕಲ್ಲಿಗೆ ತನಿ ಎರೆಯುವ ಹಾಗೆ ಮೂರು ದಿನ ಹಾವಿನ ಮೇಲೆ ಹಸಿಹಾಲು ಎರೆದು, ಗಾಯಕ್ಕೆ ಅರಿಶಿನ ಕುಂಕುಮ ಇಟ್ಟು ಕೈಮುಗಿದಿದ್ದರು. ಪೆಟ್ಟಿಗೆಯೊಳಗಿನ ತೆಂಗಿನನಾರು ಹಾಲು ಕುಡಿದು ಹುಳಿಯಾಗಿ, ಗಾಯ ಕೀವು ಕಟ್ಟಿತು. ದೇವರೆಂದು ಪೂಜಿಸಿಯೇ ಹಾವನ್ನು ಕೊಲ್ಲಲು ಹೊರಟಿದ್ದರು ಪಾಪ.

ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನು ನೋಡುವ ನನ್ನ ಶಿಷ್ಯನಿಗೆ ಫೋನ್ ಮಾಡಿದೆ. ಅವನು ಹೇಳುತ್ತಾ ಹೋದ, ನಾನು ಉಸಿರು ಬಿಗಿಹಿಡಿದು ಮಾಡುತ್ತಾ ಹೋದೆ. ಹಾವಿನ ತೂಕ 410 ಗ್ರಾಂ, ಗಾಯದ ಉದ್ದ ನಾಲ್ಕು ಸೆಂಟಿಮೀಟರ್. ಸಲೈನ್‌ನಲ್ಲಿ ಅರಿಶಿನ ತೊಳೆಯುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಮೂರು ದಿನಕ್ಕೊಂದರಂತೆ ಆ್ಯಂಟಿಬಯಾಟಿಕ್ ಇಂಜೆಕ್ಷನ್. ಅದನ್ನು ಹಾವಿನ ಮೈಯ ಮುಂದಿನ ಅರ್ಧದಲ್ಲೇ ಕೊಡಬೇಕು ಎಂಬುದು ನನಗೂ ಹೊಸ ಪಾಠ. ನಾರಿನ ಬದಲು ಪೇಪರ್ ಹಾಸಿ, ಹಾಲು ಮಾತ್ರ ಬೇಡವೇ ಬೇಡ ಎಂದು ಹೇಳಿ ಕಳಿಸಿದೆ.

ಮಾರ್ಚ್‌ನಲ್ಲಿ ಹಾವು ಪೊರೆ ಬಿಟ್ಟಿತು. ಗಾಯ ಚೆನ್ನಾಗಿ ಕೂಡಿತ್ತು, ಆದರೆ ಆ ಜಾಗದ ಹುರುಪೆಗಳು, ಅಂದರೆ ಮೈಯ ಚಿಪ್ಪುಗಳು, ಸುಣ್ಣದ ಹಾಗೆ ಬೆಳ್ಳಗಾಗಿದ್ದವು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಆಳದ ಗಾಯದಲ್ಲಿ ಸತ್ತರೆ ಹೀಗಾಗುತ್ತದೆ. ಬಣ್ಣ ತಿರ್ಗಾ ಬತ್ತೈತಾ ಎಂದು ಮುನಿರತ್ನಮ್ಮ ಕೇಳಿದರು. ಗಾಯ ವಾಸಿಯಾಗಿದೆಯಲ್ಲ ಎಂದೆ. ಮುಂದಿನ ವಾರವೂ ಅದೇ ಕೇಳಿದರು. ಮೂರನೆಯ ಸಲ ಭಾನುವಾರ, ಅಷ್ಟರಲ್ಲಿ ಗಾಯದ ವಿಷಯ ತಿಳಿದಿದ್ದ ಮಗಳ ಜೊತೆ ಬಂದಿದ್ದರು. ಸುನಂದ ಎಡಗೈಗೆ ಗಂಡಸರ ಅಗಲಪಟ್ಟಿಯ ವಾಚ್ ಕಟ್ಟಿದ್ದಳು. ಮತ್ತೆ ಅದೇ ಪ್ರಶ್ನೆ ಬಂದಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಬಣ್ಣ ಇಟ್ಕೊಂಡು ಏನು ಮಾಡ್ತೀರ ಮುನಿರತ್ನಮ್ಮ? ಹಾವಿಗೇನು ಗಂಡು ನೋಡ್ತಿದ್ದೀರಾ?"

ಇಬ್ಬರೂ ನಗಲಿಲ್ಲ. ಆಮೇಲೆ ಬರುವುದನ್ನೂ ನಿಲ್ಲಿಸಿದರು.

ಏಪ್ರಿಲ್‌ನಲ್ಲಿ ಅವರ ಪಕ್ಕದ ಮನೆಯ ಹಸುವಿನ ಹೆರಿಗೆಗೆ ನನ್ನನ್ನು ಕರೆಸಿದ್ದರು. ಕೆಲಸ ಮುಗಿಸಿ ಕೈ ತೊಳೆದು ಮುನಿರತ್ನಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಅದೇ ಹಾಲಿನ ಕ್ಯಾನು, ಬಾಯಿಗೆ ಬಟ್ಟೆ. ಊರಾಚೆಯ ಹುತ್ತದ ಹತ್ತಿರ ಹಾವನ್ನು ಬಿಟ್ಟುಬರಲು ಹೊರಟಿದ್ದರು. ಈ ಹಾವಿಗೆ ನಮ್ಮ ಬಯಲು ಗೊತ್ತಿಲ್ಲ, ಎರಡು ದಿನದಲ್ಲಿ ಮುಂಗುಸಿಯ ಪಾಲಾಗುತ್ತದೆ, ಜೊತೆಗೆ ಅಪರಾಧ ಬೇರೆ ಎಂದು ರೇಗಿದೆ. ಅವರು ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದರು.

"ಆವಿಗೆ ಬೆಳ್ಳಗಾದ ಮ್ಯಾಲೆ ನನ್ ಮಗಳ ಕೈಮ್ಯಾಗೂ ಅಂಗೇ ಬೆಳ್ಳಗಾಗೈತೆ ಮೇಡಮ್. ಕೈ ತೊಳಿಯೋವಾಗ ನೋಡ್ದೆ. ನಾನು ಮಾಡಿದ ಪಾಪ ಅವಳಿಗೆ ಸುತ್ಕೊಂತು."

ಹಾವಿಗೆ ನೋವು ಮಾಡಿದವರ ಮನೆಯಲ್ಲಿ ಮೈಮೇಲೆ ಬಿಳಿ ಮಚ್ಚೆ ಏಳುತ್ತದೆ ಎಂಬ ನಂಬಿಕೆ ಈ ಕಡೆ ಹಳೆಯದು. ನನ್ನ ಗಂಡು ನೋಡುವ ಮಾತು ನೆನಪಾಗಿ ನೆಲ ಬಾಯಿಬಿಡಬಾರದೇ ಎನಿಸಿತು. ಆ ತಾಯಿ ಮೂರು ಸಲ ಕೇಳಿದ್ದು ಹಾವಿನ ಬಣ್ಣವನ್ನಲ್ಲ. ಹಾವಿಗೆ ಬಣ್ಣ ಬಂದರೆ ಮಗಳಿಗೂ ಬರುತ್ತದೆ ಎಂದು ಕಾಯುತ್ತಿದ್ದರು. ಭಾನುವಾರದವರೆಗೆ ಹಾವನ್ನು ಬಿಡುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡೆ.

ಭಾನುವಾರ ತಾಯಿ ಮಗಳಿಬ್ಬರೂ ಬಂದರು. ಮೊದಲು ನನ್ನ ಮಾತಿಗೆ ಕ್ಷಮೆ ಕೇಳಿದೆ. ಬಳಿಕ, ಹಾವಿನ ಬಣ್ಣ ಬರಬಹುದು, ಬರದೆಯೂ ಇರಬಹುದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬರುತ್ತದೆ ಎಂದು ಸುಳ್ಳು ಹೇಳಲು ಆಸೆಯಾಗಿತ್ತು, ಆದರೆ ಒಂದು ಹಾವಿನ ಬೆನ್ನಿಗೆ ಆ ಹೆಣ್ಣುಮಗಳ ಬದುಕನ್ನು ಕಟ್ಟಿಹಾಕಲು ಮನಸ್ಸು ಬರಲಿಲ್ಲ. ಕೊನೆಗೆ ತಾಯಿ ಹುತ್ತಕ್ಕೆ ಹೊರಟಿದ್ದು ಏಕೆಂದು ಸುನಂದಳಿಗೆ ತಿಳಿಸಿದೆ. ಅವಳು ವಾಚ್ ಬಿಚ್ಚಿದಳು. ಮಣಿಕಟ್ಟಿನ ಮೇಲೆ ರೂಪಾಯಿಯಷ್ಟು ಅಗಲದ ಬಿಳಿ ಮಚ್ಚೆ ಇತ್ತು.

"ಇದು ಮೂರು ವರ್ಷದಿಂದ ಐತಮ್ಮ. ಆವು ಮನೆಗೆ ಬರೋಕೆ ಮುಂಚೇನೇ. ಬೆಂಗ್ಳೂರಲ್ಲಿ ಡಾಕ್ಟ್ರಿಗೆ ತೋರಿಸ್ತಿದೀನಿ. ನೀನು ಕೊರಗ್ತೀಯ ಅಂತ ವಾಚ್ ಕಟ್ಕೊಂತಿದ್ದೆ."

ಪಾಪದ ಹೊರೆ ಇಳಿಯಿತು, ಇನ್ನು ಮುನಿರತ್ನಮ್ಮ ನಿಟ್ಟುಸಿರು ಬಿಡುತ್ತಾರೆ ಎಂದುಕೊಂಡೆ. ಅವರು ಮಗಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಆ ಮಚ್ಚೆಯನ್ನು ಹೆಬ್ಬೆರಳಿನಿಂದ ಸವರುತ್ತಾ ಒಂದೇ ಮಾತು ಕೇಳಿದರು.

"ಮೂರು ವರ್ಷ ಒಬ್ಳೇ ಮನಸ್ನಾಗೆ ಮಡಿಕ್ಕೊಂಡಿದ್ಯೇನೇ?"

ಹಾವು ಈಗ 460 ಗ್ರಾಂ ಇದೆ. ಪೊರೆ ಬಿಟ್ಟಂತೆಲ್ಲ ಗಾಯದ ಅಂಚಿನ ಹುರುಪೆಗಳಿಗೆ ಕಿತ್ತಳೆ ಬಣ್ಣ ಮರಳಿತು. ನಡುವಿನ ಐದು ಇನ್ನೂ ಬಿಳಿಯಾಗಿಯೇ ಇವೆ. ಮುನಿರತ್ನಮ್ಮ ಅದರ ಬಗ್ಗೆ ಕೇಳುವುದನ್ನು ಬಿಟ್ಟಿದ್ದಾರೆ. ನಾನು ಮಾತ್ರ ಒಂದು ಅಭ್ಯಾಸ ಕಲಿತೆ: ಯಾರಾದರೂ ಒಂದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ, ಪೆನ್ನು ಕೆಳಗಿಟ್ಟು, ಯಾಕೆ ಕೇಳುತ್ತಿದ್ದೀರಿ ಎಂದು ನಾನೇ ಕೇಳುತ್ತೇನೆ. ಮೂವತ್ತೆರಡು ವರ್ಷದ ಸೇವೆಯಲ್ಲಿ ಬರದ ಬುದ್ಧಿ ಇದು.

ಹೋದ ಭಾನುವಾರ ಅವರಿಬ್ಬರೂ ಹಾವನ್ನು ತೂಕಕ್ಕೆ ತಂದಿದ್ದರು. ಕ್ಯಾಸಂಬಳ್ಳಿ ಬಸ್ಸಿಗೆ ಹೊತ್ತಾಯಿತೇನೋ ಎಂದು ಸುನಂದಳನ್ನು ಟೈಮ್ ಕೇಳಿದೆ. ಅವಳು ತಲೆಯೆತ್ತಿ ಗೋಡೆಯ ಗಡಿಯಾರ ನೋಡಿ ಹೇಳಿದಳು.