ಏಳು ತಲೆಯವರ ಸಹಿ

ಕೆಂಜೆಕಾನಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಚುಯ್ ಕಣಿವೆಯ ಬಜಾರಿನಲ್ಲಿ ಅವಳದು ಮೊಬೈಲ್ ರಿಪೇರಿ ಅಂಗಡಿ. ಹೆಂಗಸಿಗೆ ಈ ಕೆಲಸ ಬರುತ್ತದೆಯೇ ಎಂದು ಮೂಗು ಮುರಿದವರೆಲ್ಲ ಹದಿನೈದು ವರ್ಷಗಳಿಂದ ಒಡೆದ ಫೋನು ಹಿಡಿದು ಅವಳ ಮುಂದೆಯೇ ನಿಲ್ಲುತ್ತಿದ್ದರು.

ಒಂದು ದಿನ ಬೆಗಾಯಿಮ್ ಬಂದಳು. ಪಕ್ಕದಲ್ಲಿ ಒಣಮೊಸರಿನ ಉಂಡೆ ಮಾರುವ ಸೈರಾಗುಲಳ ಮಗಳು, ಹನ್ನೆರಡು ವರ್ಷದವಳು.

"ಅಕ್ಕಾ, ನಂಬರ್ ಬದಲಾಯ್ಸಿಕೊಡು. ಫೋನಿನ ಆಟದಲ್ಲಿ ಸಿಕ್ಕಿದೋನು ಒಬ್ಬ ಬಿಡ್ತಾನೇ ಇಲ್ಲ. ಮೊದ್ಲು ಹುಡುಗಿ ಅಂತ ಹೇಳ್ಕೊಂಡಿದ್ದ. ಈಗ ಫೋಟೊ ಕಳ್ಸು, ಇಲ್ದಿದ್ರೆ ನಿಮ್ಮಮ್ಮಂಗೆ ಇಲ್ಲದ್ದೆಲ್ಲ ಹೇಳ್ತೀನಿ ಅಂತಾನೆ. ಅಮ್ಮಂಗೆ ಹೇಳ್ಬೇಡ, ನನ್ನಾಣೆ!"

ನಂಬರು ಬದಲಾಯಿತು. ವಾರದೊಳಗೆ ಆ ಮನುಷ್ಯ ಅದನ್ನೂ ಪತ್ತೆ ಹಚ್ಚಿದ. ಕೆಂಜೆಕಾನ್ ಅಂಗಡಿ ಮುಚ್ಚಿ, ಹುಡುಗಿಯ ಹೆಸರೆತ್ತದೆ, ಮೆಸೇಜುಗಳನ್ನು ಠಾಣೆಯಲ್ಲಿ ತೋರಿಸಿದಳು. ಅಧಿಕಾರಿ ಮುಖ ಕಿವುಚಿದ.

"ನಂಗೂ ಹೆಣ್ಮಕ್ಳಿದಾರೆ ಅಕ್ಕಾ. ಆದ್ರೆ ಅವ್ನು ಮುಟ್ಟಿಲ್ಲ, ಎದುರಿಗೂ ಬಂದಿಲ್ಲ. ಬರೀ ಮೆಸೇಜಿಗೆ ಹಿಡಿಯೋ ಕಾನೂನಿಲ್ಲ. ರಾಜಧಾನಿ ಬಿಷ್ಕೆಕ್‌ನಲ್ಲಿ ಹೊಸದು ಬರೀತಿದಾರೆ. ಊರೂರಿಂದ ಸಹಿ ಬೇಕಂತೆ."

"ಸಹಿ ತಾನೆ? ಇಡೀ ಬಜಾರನ್ನೇ ಹಾಕಿಸ್ತೀನಿ!"

ಎಲ್ಲಿ ಬಂತು! ವಿಷಯ ಅಂಥದ್ದೆಂದು ಅವಳು ಒಬ್ಬೊಬ್ಬ ತಾಯಿಯ ಕಿವಿಯಲ್ಲೂ ಪಿಸುಗುಟ್ಟುತ್ತ ಹೋದಳು. ಕೇಳಿದವರಲ್ಲಿ ಹೆಚ್ಚಿನವರು ಕೈ ಹಿಂದೆಳೆದುಕೊಂಡರು. ಸೈರಾಗುಲಳೇ ಹೇಳಿದಳು, "ಹೆಸ್ರು ಬರೆದ್ರೆ ನಮ್ಮನೇಲೇ ಏನೋ ಆಗಿದೆ ಅಂತಾರೆ. ನನ್ ಮಗಳನ್ನ ಊರ ಬಾಯಿಗೆ ಹಾಕ್ಲಾ?"

ಆಣೆ ನೆನೆದು ಕೆಂಜೆಕಾನ್ ತುಟಿ ಕಚ್ಚಿಕೊಂಡಳು. ಒಂಬತ್ತು ದಿನಕ್ಕೆ ನಾಲ್ಕೇ ಸಹಿ. ಅದರಲ್ಲಿ ಒಂದು ಅವಳದೇ.

ಎದುರಿನ ಟೋಪಿ ಅಂಗಡಿಯ ಮಂಬೆತ್ ತಾತನಿಗೆ ತಡೆಯಲಾಗಲಿಲ್ಲ. "ಏನೇ ಅದು, ಕದ್ದ ಮಾಲು ಮಾರೋರ ಥರ ಗುಸುಗುಸು?" ಅವಳು ವಿಷಯ ಹೇಳಿದ್ದೇ ತಡ, ತಾತ ಗದರಿದ: "ತಾಯಂದ್ರನ್ನ ಯಾಕೆ ಮೊದ್ಲು ಕೇಳ್ತೀಯ, ಪೆದ್ದಿ? ನಂಗೆ ಎಪ್ಪತ್ತೆಂಟು. ನಾನು ಸಹಿ ಹಾಕಿದ್ರೆ ಯಾವ ಹುಡುಗಿ ಮಾನ ಹೋಗುತ್ತೆ? ತಾ ಇಲ್ಲಿ!"

ತಾತ ಬಜಾರಿನ ನಟ್ಟನಡುವೆ ಸ್ಟೂಲು ಹಾಕಿ ಕುಳಿತ. ಬಿಳಿ ಟೋಪಿ ಸರಿಮಾಡಿಕೊಂಡು, ತನ್ನ ಏಳು ತಲೆಮಾರಿನ ಹಿರಿಯರ ಹೆಸರುಗಳನ್ನು ಗಂಟಲು ಹರಿಯುವಂತೆ ಕೂಗಿದ.

"ಇವ್ರ ಕುಲದ ಮಂಬೆತ್ ಸಹಿ ಹಾಕ್ತಿದಾನೆ! ಫೋನಿನಲ್ಲಿ ಮಕ್ಕಳ ತಂಟೆಗೆ ಬರೋರ ಕೈ ಕಟ್ಟೋಕೆ! ಏಳು ತಲೆ ಹೆಸ್ರು ಗೊತ್ತಿರೋ ಗಂಡಸು ಯಾರಿದೀರಿ, ಬನ್ನಿ!"

ಹಿರಿಯರ ಏಳು ಹೆಸರು ಬಾಯಿಪಾಠ ಇಲ್ಲದಿರುವುದು ನಾಚಿಕೆಗೇಡು ಎನ್ನುವ ಆ ಕಣಿವೆಯಲ್ಲಿ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಮುದುಕ ಹುಟ್ಟಿಯೇ ಇಲ್ಲ. ಕುದುರೆ ಜೀನು ಮಾರುವವನು ಓಡಿಬಂದ, ಕಲ್ಲಂಗಡಿಯವನು ಓಡಿಬಂದ. ಒಬ್ಬ ಆರನೆಯವನ ಹೆಸರಿಗೆ ತಡವರಿಸಿದಾಗ ಇಡೀ ಸಾಲು "ಮನೆಗೆ ಹೋಗಿ ಕೇಳ್ಕೊಂಡ್ ಬಾರಯ್ಯಾ!" ಎಂದು ಗೇಲಿಮಾಡಿತು. ಅವನು ನಿಜಕ್ಕೂ ಮನೆಗೆ ಹೋಗಿ ಕೇಳಿಕೊಂಡು ಬಂದ! ಗಂಡಸರ ಹಿಂದೆ ಸೊಸೆಯಂದಿರು, ಅವರ ಹಿಂದೆ ಅತ್ತೆಯರು. ಕಾಗದ ಸಾಲದೆ ಕೆಂಜೆಕಾನ್ ರಸೀದಿ ಪುಸ್ತಕವನ್ನೇ ಹರಿದುಕೊಟ್ಟಳು. ಅವಳಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಕೊನೆಗೆ ಸೈರಾಗುಲಳೂ ಕೈ ಒರೆಸಿಕೊಂಡು ಬಂದು ಸಹಿ ಹಾಕಿದಳು. ಬೆಗಾಯಿಮ್ ಅದನ್ನು ನೋಡಿದಳು. ಆ ಸಂಜೆಯೇ ಅಮ್ಮನ ಮುಂದೆ ಎಲ್ಲ ಹೇಳಿ ಅತ್ತಳು. ಮರುದಿನ ಸೈರಾಗುಲ್ ಕೆಂಜೆಕಾನಳನ್ನು ತಬ್ಬಿಕೊಂಡು, ತೋಳು ಚಿವುಟಿ, "ಗೊತ್ತಿದ್ದೂ ಬಾಯ್ ಬಿಡ್ಲಿಲ್ವಲ್ಲೇ, ಪಾಪಿ!" ಎಂದಳು.

ಏಳು ತಿಂಗಳಿಗೆ ಕಾನೂನು ಬಂತು. ಆದರೆ ಅಧಿಕಾರಿ ಮೊದಲೇ ಎಚ್ಚರಿಸಿದ್ದ: ಜಾರಿಯಾದ ದಿನದಿಂದ ಮುಂದಿನ ತಪ್ಪಿಗಷ್ಟೇ ಶಿಕ್ಷೆ, ಹಳೆಯದಕ್ಕೆ ಇಲ್ಲ. ಜಾರಿಯಾದ ದಿನ ಬಜಾರೆಲ್ಲ ಚಹಾ ಕುಡಿದು ಕುಣಿದರೂ ಕೆಂಜೆಕಾನಳ ಸಿಟ್ಟು ಆರಲಿಲ್ಲ. ಆ ಕೇಡಿಗ ತಪ್ಪಿಸಿಕೊಂಡನಲ್ಲ!

ಮಧ್ಯಾಹ್ನ ಬೆಗಾಯಿಮ್ ಓಡಿಬಂದಳು. "ಸುಯುಂಚು! ಸುಯುಂಚು!"

ಒಳ್ಳೆಯ ಸುದ್ದಿ ತಂದವರು ಹಾಗೆ ಕೂಗಿದರೆ ಉಡುಗೊರೆ ಕೊಡಲೇಬೇಕು. "ಕಾನೂನಿನ ಸುದ್ದಿ ಬೆಳಗ್ಗೆನೇ ಗೊತ್ತಾಯ್ತು ಕಣೇ. ಹಳಸಿದ್ದಕ್ಕೆಲ್ಲ ಉಡುಗೊರೆ ಇಲ್ಲ."

"ಅದಲ್ಲ ಅಕ್ಕಾ!" ಹುಡುಗಿ ಫೋನು ಮುಂದೆ ಹಿಡಿದಳು. ಹಿಂದೆ ಸೈರಾಗುಲ್ ಏದುಸಿರು ಬಿಡುತ್ತಿದ್ದಳು. "ಅವ್ನು ಮತ್ತೆ ಕಳ್ಸಿದಾನೆ. ಈಗ ತಾನೆ. ಇವತ್ತು ಅಕ್ಕಾ, ಇವತ್ತು!"

ಕೆಂಜೆಕಾನ್ ಅಂಗಡಿ ತೆರೆದೇ ಬಿಟ್ಟು ಓಡಿದಳು. ಮೂವರೂ ಠಾಣೆಗೆ ನುಗ್ಗಿದಾಗ ಅಧಿಕಾರಿ ಮೆಸೇಜಿನ ತಾರೀಖು ಎರಡು ಸಲ ನೋಡಿ, ಪೆನ್ನು ಎಳೆದುಕೊಂಡ.

"ದೂರು ಯಾರ್ದು?"

ಹೆಂಗಸರಿಬ್ಬರೂ ಬಾಯಿ ತೆರೆಯುವ ಮೊದಲೇ ಬೆಗಾಯಿಮ್ "ನಂದು" ಎಂದಳು.