ಗಂಡು ಹುಟ್ಟುವ ಆಸ್ಪತ್ರೆ

ಮೊನ್ನೆ ಅಟ್ಟದಿಂದ ಬುಟ್ಟಿ ಇಳಿಸಿದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಹಳೇ ಪ್ಲಾಸ್ಟಿಕ್ಕು, ಅದರ ಸಂದಿಯಲ್ಲಿ ಇನ್ನೂ ಉಳಿದ ಬಜೆಬೇರಿನ ಘಾಟು. ಹಸಿರು-ಬಿಳಿ ವೈರಿನಲ್ಲಿ ಹೆಣೆದ ಬುಟ್ಟಿ. ಬಿಳಿಯೆಲ್ಲ ಹಳದಿಗೆ ತಿರುಗಿದೆ. ಇಷ್ಟು ವರ್ಷ ಅದರಲ್ಲಿ ಒಂದು ಈರುಳ್ಳಿಯನ್ನೂ ನಾನು ಹಾಕಿಲ್ಲ. ಅದನ್ನು ಹೆಣೆದವಳ ಮಗ ಅವತ್ತು ಸಂಜೆ ಹೆಂಡತಿಯ ಸೀಮಂತಕ್ಕೆ ಕರೆಯಲು ಬರುವವನಿದ್ದ. ಅವನಿಗೇ ಕೊಟ್ಟುಬಿಡೋಣ ಎಂದು ಒದ್ದೆ ಬಟ್ಟೆ ಹಿಡಿದು ಒರೆಸುತ್ತಾ ಕುಳಿತೆ...

ಎಂಬತ್ತರ ದಶಕದ ಆರಂಭದಲ್ಲಿ, ಪೀಣ್ಯದ ವಠಾರದಲ್ಲಿ ಅವನ ತಾಯಿ ನಮ್ಮ ಪಕ್ಕದ ಮನೆಯಾಕೆ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ಕಾಂಪೌಂಡಿನಾಚೆ ಲೇತ್ ಮಿಷಿನ್ನುಗಳ ಗದ್ದಲ. ಗುಟ್ಟಿನ ಮಾತನ್ನೂ ಕೂಗಿಯೇ ಹೇಳಬೇಕಿತ್ತು. ಗಂಡಸರು ಶಿಫ್ಟಿಗೆ ಹೋದ ಮೇಲೆ ಇಬ್ಬರೂ ಬಾಗಿಲಲ್ಲಿ ಕೂತು ವೈರ್ ಹೆಣೆಯುತ್ತಿದ್ದೆವು. ನನ್ನದು ಯಾವಾಗಲೂ ಸೊಟ್ಟ. "ಇದ್ರಲ್ಲಿ ನಿಂಬೆಹಣ್ಣು ಇಟ್ರೂ ಬೀದೀಲಿ ಉರುಳುತ್ತೆ ಕಣೇ" ಎಂದು ನಕ್ಕು, ಬಿಚ್ಚಿ ಮತ್ತೆ ಹೆಣೆದುಕೊಡುತ್ತಿದ್ದಳು. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು.

ಆಕೆಗೆ ಇಬ್ಬರು ಹೆಣ್ಣುಮಕ್ಕಳು. ತಾಯಿ ಇಲ್ಲದವಳಾದ್ದರಿಂದ ತವರಿನ ಬಾಣಂತನ ಎಂಬುದಿರಲಿಲ್ಲ. ಎರಡು ಹೆರಿಗೆಯೂ ಸಿಟಿಯ ದೊಡ್ಡಾಸ್ಪತ್ರೆಯಲ್ಲೇ ಆಗಿತ್ತು. ಎರಡನೆಯದರಲ್ಲಿ ರಕ್ತ ಹೋಗಿ ಹೋಗಿ ಬದುಕಿದ್ದೇ ಹೆಚ್ಚು. ಇನ್ನೊಂದು ಬೇಡ, ಆದರೂ ನಿಂತರೆ ಇಲ್ಲಿಗೇ ಬಾ, ರಕ್ತ ತಯಾರಿಟ್ಟುಕೊಂಡೇ ಹೆರಿಗೆ ಮಾಡಿಸಬೇಕು ಎಂದು ಅಲ್ಲಿಯ ಡಾಕ್ಟರು ಬಿಡಿಸಿ ಹೇಳಿ ಕಳಿಸಿದ್ದರು. ಅಕ್ಕ ಆ ಮಾತನ್ನು ಮರೆತವಳಲ್ಲ. ಮೂರನೆಯದು ನಿಂತಾಗಿನಿಂದ ಬಾಯಿಬಿಟ್ಟರೆ ಅದೇ, "ನಾನು ದೊಡ್ಡಾಸ್ಪತ್ರೆಗೇ ಹೋಗ್ಬೇಕು ಕಣೇ."

ಆದರೆ ಆಸ್ಪತ್ರೆ ಆರಿಸುವುದು ಹೆರುವವಳ ಕೆಲಸವೇ? ಮಾಕಳಿಯಿಂದ ಅವಳ ಅತ್ತೆ ಬಂದಿಳಿದಳು. ಆ ಕಡೆ ಒಂದು ಹೆಂಚಿನ ಮನೆಯಲ್ಲಿ ಹೆರಿಗೆ ಆಸ್ಪತ್ರೆ ಇತ್ತು. ಅಲ್ಲಿಗೆ ಹೋದವರಿಗೆಲ್ಲ ಗಂಡೇ ಆಗುತ್ತದೆಂದು ಸುತ್ತಲ ಹಳ್ಳಿಗಳಲ್ಲಿ ಹೆಸರು. ಕೇಳಿ ಮೊದಲ ಸಲ ನಾನು ನಕ್ಕುಬಿಟ್ಟಿದ್ದೆ. ಅತ್ತೆ ನಗಲಿಲ್ಲ.

"ನಗ್ಬ್ಯಾಡ ಕಣವ್ವ. ಆ ಡಾಕ್ಟ್ರಮ್ಮನ ಕೈಗುಣ ಅಂಗೈತೆ. ದೊಡ್ಡಾಸ್ಪತ್ರೆ ದೊಡ್ಡಾಸ್ಪತ್ರೆ ಅಂತಾಳಲ್ಲ, ಎಲ್ಡು ಸಲ ಹೋಗಿ ಏನ್ ತಂದ್ಲು? ಎಲ್ಡು ಎಣ್ಣು."

ಗಂಡು-ಹೆಣ್ಣು ಬಸಿರು ಕಟ್ಟಿದ ದಿನವೇ ತೀರ್ಮಾನವಾಗಿರುತ್ತದೆ, ಮಂಚ ಬದಲಿಸಿದರೆ ಬದಲಾಗುವುದಿಲ್ಲ ಎಂದು ಆಕೆಗೆ ಯಾರು ಹೇಳಬೇಕು? ಓದಿದ ಮಗ ಹೇಳಬೇಕಿತ್ತು. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಜೊತೆ ಜಟಾಪಟಿಗಿಳಿಯುತ್ತಿದ್ದ ಗಂಡಸು, ಅವ್ವನ ಮುಂದೆ ಬಾಯಿಗೆ ಬೀಗ. "ಅವ್ವ ಏನೋ ಆಸೆಪಡ್ತಾವ್ರೆ" ಎಂದು ಬೀಡಿ ಹಚ್ಚಿಕೊಂಡು ಹೊರಗೆ ಹೋದ. ಇವತ್ತಿಗೂ ಆ ಮನುಷ್ಯನನ್ನು ನೆನೆದರೆ ಮೈ ಉರಿಯುತ್ತದೆ.

ಅಕ್ಕ ಮಾತ್ರ ಬುಟ್ಟಿ ಸಿದ್ಧಮಾಡಿಟ್ಟುಕೊಂಡಿದ್ದಳು. ಹಳೇ ಸೀರೆಯ ಮೆತ್ತನೆ ತುಂಡುಗಳು, ಕುಲಾವಿ, ಬಜೆಬೇರು, ಮೇಲೆ ದೊಡ್ಡಾಸ್ಪತ್ರೆಗೆ ತೋರಿಸಲು ಗಂಡನ ಇಎಸ್‌ಐ ಕಾರ್ಡು.

ನೋವು ಬಂದದ್ದು ಒಂದು ಮಧ್ಯಾಹ್ನ. ಗಂಡ ಡ್ಯೂಟಿಯಲ್ಲಿದ್ದ. ಆಟೋದಲ್ಲಿ ಅಕ್ಕ ನಡುವೆ, ಅತ್ತಿತ್ತ ಅತ್ತೆ ಮತ್ತು ನಾನು. ತುಮಕೂರು ರಸ್ತೆ ಸಿಕ್ಕ ಕಡೆ ಆಟೋದವನು ನಿಲ್ಲಿಸಿ ಯಾವ ಕಡೆ ಎಂದು ಕೇಳಿದ. ಒಂದು ಕಡೆ ಸಿಟಿ, ಇನ್ನೊಂದು ಕಡೆ ಮಾಕಳಿ.

"ಸಿಟಿಗೆ ನಡಿಯಪ್ಪಾ" ಎಂದಳು ಅಕ್ಕ.

"ಸಿಟಿಗೇ ಹೋಗೋಣಮ್ಮಾ, ಡಾಕ್ಟ್ರು ಹೇಳಿದಾರಲ್ಲ" ಎಂದು ನಾನೂ ಅಂಗಲಾಚಿದೆ.

"ನಿಂಗ್ಯಾಕೆ ನಮ್ಮನೆ ಉಸಾಬರಿ?" ಎಂದು ನನ್ನ ಬಾಯಿ ಮುಚ್ಚಿಸಿ, ಅತ್ತೆ ಆಟೋದವನ ಭುಜ ತಟ್ಟಿದಳು. "ಅವಳ್ನೇನ್ ಕೇಳೋದು? ಅವಳ್ಗೇನ್ ಗೊತ್ತಾಯ್ತದೆ? ನೀನು ಮಾಕಳಿ ಕಡೆ ನಡಿ."

ಅವನು ಹಿರಿಯರ ಮಾತು ಕೇಳಿದ. ಅಕ್ಕ ನನ್ನ ಕೈಯನ್ನು ಹಿಂಡಿ ಹಿಡಿದಳು.

ಗಂಡೇ ಹುಟ್ಟಿತು. ಅತ್ತೆ ಸಕ್ಕರೆ ಹಂಚಲು ಶುರುಮಾಡಿದಳು. ಒಳಗೆ ಅಕ್ಕನಿಗೆ ರಕ್ತ ನಿಲ್ಲಲಿಲ್ಲ. ಅಲ್ಲಿ ಕೊಡಲು ರಕ್ತವಿರಲಿಲ್ಲ, ಆಪರೇಷನ್ ಮಾಡುವವರೂ ಇರಲಿಲ್ಲ. ಬೇಗ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದು ಆ ಡಾಕ್ಟ್ರಮ್ಮನೇ ಕೈಚೆಲ್ಲಿದಳು. ಸುದ್ದಿ ತಿಳಿದು ಗಂಡ ಫ್ಯಾಕ್ಟರಿಯ ಮೆಟಡೋರ್ ತಂದ. ಅವಳು ಕೇಳಿದ ದಾರಿಯಲ್ಲೇ ಕೊನೆಗೂ ಕರೆದುಕೊಂಡು ಹೊರಟೆವು. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಮುಗಿಯುವುದರೊಳಗೆ, ನನ್ನ ತೊಡೆಯ ಮೇಲೆ...

ತಿಥಿಯಾದ ಮೇಲೆ ಬುಟ್ಟಿಯನ್ನು ವಠಾರದ ಹಿಂದೆ ಎಸೆದಿದ್ದರು. ನಾನು ಎತ್ತಿಟ್ಟುಕೊಂಡೆ.

ಆ ಆಸ್ಪತ್ರೆಯ ಹೆಸರು ಕೆಟ್ಟಿತು ಎಂದುಕೊಂಡಿರಾ? ಇಲ್ಲ, ಇನ್ನೂ ಏರಿತು! ಎರಡು ಹೆಣ್ಣಿನ ಮೇಲೆ ಮೂರನೆಯದು ಗಂಡಾಯಿತಂತೆ ಎಂದು ವಿಚಾರಿಸಿಕೊಂಡು ವಠಾರಕ್ಕೇ ಬಸುರಿಯರು ಬಂದರು. ಗಂಡಾದದ್ದು ಡಾಕ್ಟ್ರಮ್ಮನ ಕೈಗುಣವಂತೆ, ಅಕ್ಕ ಸತ್ತದ್ದು ಅವಳ ಹಣೆಬರಹವಂತೆ. ಥೂ! ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ್ದು ಬೇಡವಾಗಿದ್ದ ಆ ಇಬ್ಬರು ಹೆಣ್ಣುಮಕ್ಕಳೇ.

ಸಂಜೆ ಅವನು ಬಂದ. ಅವನೆಂದರೆ ನನಗೆ ಅಕ್ಕರೆಯೇ. ಕುಂಕುಮ ಕೊಟ್ಟು ಕರೆದ. ಆಸ್ಪತ್ರೆ ಯಾವುದು ಎಂದು ಕೇಳಿದೆ.

"ನಾನ್ ಹುಟ್ಟಿದ್ ಕಡೇನೇ ಅಂತ ಅಜ್ಜಿ ಹಟ ಮಾಡ್ತಿದಾರೆ ಆಂಟಿ. ಈಗ ಮೂರ್ ಫ್ಲೋರ್ ಕಟ್ಟಿದಾರೆ, ಎಲ್ಲಾ ಫೆಸಿಲಿಟಿ ಇದೆ."

"ನಿನ್ನ ಹೆಂಡ್ತಿ ಏನಂತಾಳೆ?"

ಅವನು ನಕ್ಕ. ಎಡಗೆನ್ನೆಯಲ್ಲಿ ಗುಳಿ ಬಿತ್ತು. "ಅವಳನ್ನೇನ್ ಕೇಳೋದು ಆಂಟಿ? ಅವಳಿಗೇನ್ ಗೊತ್ತಾಗುತ್ತೆ?"

ಅಕ್ಕನ ಮುಖ, ಅಜ್ಜಿಯ ಮಾತು.

"ನಿಮ್ಮಮ್ಮಂಗೂ ಗೊತ್ತಾಗಲ್ಲ ಅಂದಿದ್ರು ಕಣೋ" ಎಂದೆ. "ಅವಳಿಗೆ ಎಲ್ಲಾ ಗೊತ್ತಿತ್ತು. ಮೊದ್ಲು ಮನೆಗೆ ಹೋಗಿ ನಿನ್ನ ಹೆಂಡ್ತೀನ ಕೇಳು."

ಅವನು ಪೆಚ್ಚಾಗಿ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ. ಕೇಳಿದನೋ ಇಲ್ಲವೋ, ಕಾಣೆ. ಬುಟ್ಟಿ ಕೊಡಲು ಮನಸ್ಸು ಬರಲಿಲ್ಲ. ಮತ್ತೆ ಅಟ್ಟಕ್ಕೇ ಇಟ್ಟೆ. ಅಕ್ಕ ಇದ್ದಿದ್ದರೆ ಇಷ್ಟು ಹೊತ್ತಿಗೆ ಸೊಸೆಗೆಂದು ಹೊಸದೊಂದು ಬುಟ್ಟಿ ಹೆಣೆದಿಟ್ಟು, ಯಾವ ಆಸ್ಪತ್ರೆಗೆ ಹೋಗೋಣವ್ವಾ ಎಂದು ಅವಳನ್ನೇ ಕೇಳುತ್ತಿದ್ದಳು...